ದುಂಡೇಶನ ಗಾಡಿ ಎದ್ದು ನಿಂತದ್ದು

ಆರು ಸೌಂಡ್ ಬಾಕ್ಸು, ಒಂದು ಜನರೇಟರು ಹೊತ್ತ ದುಂಡೇಶನ ಪಿಕಪ್ ಗಾಡಿ ಹೇರೋಹಳ್ಳಿ ರಸ್ತೆಯ ಗುಂಡಿಯೊಂದರಲ್ಲಿ ಹಿಂಭಾಗ ಊರಿ ಕುಳಿತುಬಿಟ್ಟಿತು. ಹಬ್ಬದೂಟ ಹೆಚ್ಚಾದ ಅಳಿಯನ ಹಾಗೆ ಅದಕ್ಕೆ ಏಳುವ ಮನಸ್ಸೇ ಇರಲಿಲ್ಲ. ಟೈರು ಮಡ್‌ಗಾರ್ಡಿಗೆ ಉಜ್ಜಿ ರಬ್ಬರು ಸುಟ್ಟ ವಾಸನೆ ಬೀದಿಯೆಲ್ಲ ಹಬ್ಬಿತು.

ಮೆಕ್ಯಾನಿಕ್ ಮುನಿಯಪ್ಪ ಗಾಡಿಯ ಕೆಳಗೆ ತೂರಿ ನೋಡಿದ. "ಸ್ಪ್ರಿಂಗ್ ಪಟ್ಟಿ ಸೋತೋಗಿದೆ ಕಣಣ್ಣ. ಮೂರು ಪಟ್ಟಿ ಜಾಸ್ತಿ ಹಾಕ್ತೀನಿ. ಆಮೇಲೆ ಆನೆ ಹತ್ತಿಸಿದ್ರೂ ನೆಟ್ಟಗೆ ನಿಲ್ಲುತ್ತೆ."

ಹಾಗೇ ಆಯಿತು. ತುಂಬಿದ ಗಾಡಿ ನೆಟ್ಟಗೆ ನಿಲ್ಲುತ್ತಿತ್ತು. ಖಾಲಿಯಾದಾಗ ಮಾತ್ರ ಹಿಂಭಾಗ ಅರ್ಧ ಗೇಣು ಮೇಲೆದ್ದು ಮೂತಿ ನೆಲ ನೋಡುತ್ತಿತ್ತು. ಪಕ್ಕದ ಮನೆಯ ನಿವೃತ್ತ ಸರ್ವೇಯರ್ ಶಿವಬಸಪ್ಪನವರು, "ಏನೋ ದುಂಡೇಶ, ನಿನ್ ಗಾಡಿ ನಂಗೆ ಅಡ್ಡಬೀಳ್ತಾ ಇದೆಯಲ್ಲೋ," ಎಂದು ಕೈಯೆತ್ತಿ ಆಶೀರ್ವಾದ ಮಾಡಿದರು.

ಗುರುವಾರ ಬೆಳಿಗ್ಗೆ ಅದೇ ಸಾಮಾನನ್ನು ನಾಗರಬಾವಿಯ ಮದುವೆ ಮಂಟಪವೊಂದಕ್ಕೆ ಮುಟ್ಟಿಸಬೇಕಿತ್ತು. ಅಲ್ಲಿನ ಮ್ಯಾನೇಜರ್ ಲಕ್ಷ್ಮೀಪತಿ ಮೊದಲೇ ಹೇಳಿದ್ದರು: "ಮದುವೆ ಗಲಾಟೆ ಇಲ್ದಂಗೆ ನಡೀಲಿ, ವರ್ಷಪೂರ್ತಿ ನಮ್ಮ ಬಾಡಿಗೆ ನಿಂದೇ." ಆ ಮಾತು ಕಿವಿಗೆ ಬಿದ್ದಾಗಿನಿಂದ ದುಂಡೇಶನಿಗೆ ಊಟವೇ ಸೇರುತ್ತಿರಲಿಲ್ಲ.

ಮಂಟಪದ ಬಾಗಿಲಿಗೆ ಸಿಮೆಂಟಿನ ಕಮಾನು. ಅದೇ ಮದುವೆಗೆಂದು ಗಾಡಿಯಲ್ಲೇ ಬಂದಿದ್ದ ಶಿವಬಸಪ್ಪನವರು ಟೇಪು ಹಿಡಿದು ಇಳಿದರು. ಗಾಡಿಯ ಕಬ್ಬಿಣದ ಟಾಪನ್ನೂ ಕಮಾನನ್ನೂ ಅಳೆದು, "ಎರಡು ಬೆರಳು ಸಂದು ಇದೆ. ಮೂವತ್ತು ವರ್ಷದ ಸರ್ವೀಸು ಕಣೋ ನಂದು, ಹೊಡಿ!" ಎಂದರು. ಗಾಡಿ ಬೆಣ್ಣೆಯಂತೆ ಒಳಗೆ ಜಾರಿತು.

ಸಾಮಾನು ಇಳಿಸಿದಂತೆಲ್ಲ ಅದು ಮೆಲ್ಲಗೆ ಏಳತೊಡಗಿತು. ಕೊನೆಗೆ ಜನರೇಟರ್ ಇಳಿದಾಗ, ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿ ನಿಂತಿತು. ದುಂಡೇಶ ಅವಸರದಲ್ಲಿ ಅದನ್ನು ಗಮನಿಸದೆ ರಿವರ್ಸ್ ತೆಗೆದ.

ಠಣ್!

ಟಾಪು ಕಮಾನಿಗೆ ಸಿಕ್ಕಿಕೊಂಡು, ಗಾಡಿ ಹಿಂದಕ್ಕೂ ಹೋಗದೆ ಮುಂದಕ್ಕೂ ಬಾರದೆ, ಬಾಗಿಲಿಗೆ ಬಿರಡೆ ಹಾಕಿದಂತಾಯಿತು. ಅಷ್ಟರಲ್ಲಿ ವಾದ್ಯದ ಸಮೇತ ಗಂಡಿನ ದಿಬ್ಬಣ ಹೊರಗೆ ಬಂದು ನಿಂತಿತು. ಒಳಗೆ ಆರತಿ ತಟ್ಟೆ ಹಿಡಿದ ಹೆಂಗಸರು. ನಡುವೆ ದುಂಡೇಶನ ಗಾಡಿ.

"ಮುಹೂರ್ತಕ್ಕೆ ಇಪ್ಪತ್ತೇ ನಿಮಿಷ!" ಲಕ್ಷ್ಮೀಪತಿ ಬೆವರಿದರು. "ಪಕ್ಕದ ಬಾಗಿಲಿದೆ, ಆ ಕಡೆಯಿಂದ ಬನ್ನಿ ಸಾರ್."

"ಎಂಜಲೆಲೆ ಹೊರೋ ಬಾಗಿಲಿಂದ ಮದುಮಗ ಬರ್ತಾನೇನ್ರೀ?" ಗಂಡಿನ ಸೋದರಮಾವ ಗುಡುಗಿದರು. "ಬೇಕಾದ್ರೆ ದಿಬ್ಬಣ ವಾಪಸ್ ತಿರುಗಿಸ್ತೀವಿ!"

ದುಂಡೇಶ ಬೆಂಗಳೂರಿಗೆ ಬಂದು ಹತ್ತು ವರ್ಷವಾಗಿತ್ತು. ಆದರೂ ಗಾಬರಿಯಲ್ಲಿ ಊರಿನ ಮಾತೇ ಬಾಯಿಗೆ ಬಂತು. "ಏನ್ ಮಾಡ್ಲಿ ಯಪ್ಪಾ, ನನ್ ಗಾಡಿ ಬೆಳೆದ್‌ಬಿಟ್ಟೈತಿ!"

ಯಾರೋ ಟೈರಿನ ಗಾಳಿ ಬಿಡು ಅಂದರು. ಸ್ವಲ್ಪ ಬಿಟ್ಟ. ಒಂದು ಬೆರಳು ಇಳಿಯಿತು, ಇನ್ನೂ ಮೂರು ಬೆರಳು ಬಾಕಿ. ಇಳಿಸಿದ ಬಾಕ್ಸುಗಳನ್ನೇ ಮತ್ತೆ ಹತ್ತಿಸೋಣವೆಂದರೆ ಅವು ಆಗಲೇ ತಂತಿ ಸುತ್ತಿಕೊಂಡು ವೇದಿಕೆ ಮೇಲೆ ನಾದಸ್ವರ ನುಡಿಸುತ್ತಿದ್ದವು. ಶಿವಬಸಪ್ಪನವರು ಮತ್ತೆ ಟೇಪು ಬಿಚ್ಚಿ, "ಕಮಾನು ಒಡೀಬೇಕು," ಎಂದು ವರದಿ ಕೊಟ್ಟರು.

"ಅದರ ಬದ್ಲು ನನ್ನೇ ಒಡೀರಿ!" ಎಂದರು ಲಕ್ಷ್ಮೀಪತಿ.

ಆಗ ಹೆಣ್ಣಿನ ಅಜ್ಜಿ ಶಿವಕ್ಕ ಸೆರಗು ಬಿಗಿದು ಮುಂದೆ ಬಂದರು. "ಭಾರ ಇಳಿಸಿದ್ದಕ್ಕೆ ಎದ್ದಿದೆ, ಭಾರ ಹಾಕಿದ್ರೆ ಕೂರುತ್ತೆ. ಇಷ್ಟು ತಿಳಿಯಲ್ವೇನ್ರೋ? ತಿಂಡಿ ತಿಂದೋರೆಲ್ಲ ಗಾಡಿ ಹತ್ತಿ!"

ಹತ್ತಿದರು. ಕೇಸರಿಬಾತು ಎರಡೆರಡು ಸಲ ಹಾಕಿಸಿಕೊಂಡವರನ್ನು ಹುಡುಕಿ ಹುಡುಕಿ ಹತ್ತಿಸಿದರು. ರೇಷ್ಮೆ ಸೀರೆ, ಜರಿ ಪಂಚೆ ಎಲ್ಲ ಒಂದರ ಮೇಲೊಂದು. "ಇನ್ನೊಂದು ಬೆರಳು!" ಶಿವಬಸಪ್ಪನವರು ಕೂಗಿದರು. "ನೀವೇ ಹತ್ರೀ, ಬರೀ ಅಳೀತೀರಲ್ಲ!" ಎಂದು ಶಿವಕ್ಕ ಅವರನ್ನೂ ನೂಕಿ ಕೊನೆಗೆ ತಾವೂ ಏರಿ ಕುಳಿತರು. ಗಾಡಿ ನಿಟ್ಟುಸಿರು ಬಿಟ್ಟು ತಗ್ಗಿತು.

ದುಂಡೇಶ ಉಸಿರು ಬಿಗಿಹಿಡಿದು ಹಿಂದಕ್ಕೆ ಬಿಟ್ಟ. ಸರ್ರನೆ ಹೊರಗೆ!

ವಾದ್ಯದವರು ತಡೆಯಲಾಗದೆ ಗಟ್ಟಿಮೇಳ ಬಾರಿಸಿದರು. ಆರತಿ ಹಿಡಿದ ಹೆಂಗಸರು ಸಂಭ್ರಮದಲ್ಲಿ ಮದುಮಗನನ್ನು ಬಿಟ್ಟು ಗಾಡಿಗೇ ಮೊದಲ ಆರತಿ ಎತ್ತಿದರು. ಸೋದರಮಾವನೂ ನಕ್ಕುಬಿಟ್ಟರು. ತಾಳಿ ಸರಿಯಾದ ಮುಹೂರ್ತಕ್ಕೆ ಕೊರಳಿಗೆ ಬಿತ್ತು.

ಊಟದ ಹೊತ್ತಿಗೆ ಲಕ್ಷ್ಮೀಪತಿ ಹೊರಗೆ ಬಂದು ದುಂಡೇಶನನ್ನು ತಬ್ಬಿಕೊಂಡರು. "ಗಲಾಟೆಯಾದ್ರೂ ಮುಹೂರ್ತ ತಪ್ಪಲಿಲ್ಲ ಮಾರಾಯ. ಹಾಕು ಸೈನು, ವರ್ಷದ ಬಾಡಿಗೆ ನಿಂದೇ!"

ದುಂಡೇಶ ಬಾನೆಟ್ಟಿನ ಮೇಲೆ ಕಾಗದವಿಟ್ಟು ಎದೆಯುಬ್ಬಿಸಿ ಸಹಿ ಹಾಕಿದ. "ಜನರೇಟರೋ, ಬಾಯ್ಲರೋ, ಏನಾದ್ರೂ ಹೇರಿ ಸಾರ್. ನನ್ ಗಾಡಿ ಜಗ್ಗೋದಿಲ್ಲ."

"ಅವೆಲ್ಲ ಮದುವೆ ಪಾರ್ಟಿಯೋರೇ ತರಿಸ್ಕೋತಾರೆ ಕಣಯ್ಯ. ನಮ್ದು ಬರೀ ಅಲಂಕಾರ. ಮಲ್ಲಿಗೆ, ಸೇವಂತಿಗೆ, ಥರ್ಮಾಕೋಲಿನ ಹಂಸ. ಬಿಸಿಲಿಗೆ ಬಾಡುತ್ತೆ ನೋಡು, ಕಮಾನಿನ ಒಳಗೇ ತಂದು ಇಳಿಸ್ಬೇಕು. ಸಂಜೆ ರಿಸೆಪ್ಷನ್‌ದು ಅಗೋ ರಸ್ತೆಯಲ್ಲಿ ಬಂದು ಕೂತಿದೆ, ತುಂಬ್ಕೋ."

ದುಂಡೇಶ ತುಂಬಿಕೊಂಡ. ಹನ್ನೆರಡು ಬುಟ್ಟಿ ಹೂವು, ಎಂಟು ಹಂಸ. ಇಳಿದು ಬಂದು ಹಿಂದಿನಿಂದ ಒಮ್ಮೆ ಟಾಪನ್ನೂ ಒಮ್ಮೆ ಕಮಾನನ್ನೂ ನೋಡಿದ. ಮತ್ತೆ ಹತ್ತಿ ಹಂಸಗಳ ನಡುವೆ ತಾನೂ ಕುಳಿತು, ಎರಡು ಸಲ ಕುಪ್ಪಳಿಸಿಯೂ ನೋಡಿದ.

ಗಾಡಿ ಕೂದಲೆಳೆಯಷ್ಟೂ ತಗ್ಗಲಿಲ್ಲ.