ಮಾವನವರು ತಟ್ಟಿದ ಕಂಪ್ಯೂಟರ್

ಡಾಕ್ಟರ ಎದುರು ಕೂತ ತಕ್ಷಣ ಮಾಯವಾಗುವ ಹೊಟ್ಟೆನೋವಿನಷ್ಟು ಅವಮಾನ ತರುವುದು ಇನ್ನೊಂದಿಲ್ಲ. ನೋವು ತಡೆಯಬಹುದು, ಸುಳ್ಳು ಹೇಳುತ್ತಿಲ್ಲವೆಂದು ನಂಬಿಸುವುದೇ ಕಷ್ಟ. ಯಂತ್ರಗಳಿಗೂ ಈ ಕಾಯಿಲೆ ಬರುತ್ತದೆಂದು ತಿಳಿದದ್ದು ತಿಪಟೂರಿನ ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ.

ಅದು ಎಂಬತ್ತರ ದಶಕದ ಕೊನೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಮ್ಮ ಯಜಮಾನರು ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವಿನ ಮೇಲೆ ಆರು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದರು. ಪ್ರಬಂಧ ಒಪ್ಪಿಸುವ ಗಡುವನ್ನು ಎರಡು ಸಲ ಮುಂದಕ್ಕೆ ಹಾಕಿಸಿಕೊಂಡಾಗಿತ್ತು. ಈ ಸಲ ತಪ್ಪಿದರೆ ಡಾಕ್ಟರೇಟಿನ ಆಸೆ ಬಿಡಬೇಕಿತ್ತು. ಟೈಪು ಮಾಡುವ ಕೆಲಸ ನನ್ನದು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಸ್ಪೆಲ್ಲಿಂಗಿಗೆ ಮದುವೆಯ ನಂತರ ಸಿಕ್ಕ ಮೊದಲ ಉದ್ಯೋಗ ಅದು.

ತುಮಕೂರಿನಿಂದ ಬಂದ ಮೆಕ್ಯಾನಿಕ್ ಗಿರೀಶ ಯಂತ್ರ ಜೋಡಿಸಿ, ಮುಚ್ಚಳ ಹಾಕುವ ಮೊದಲು ಊಟಕ್ಕೆ ಎದ್ದ. ನಾನು ಒಳಗೆ ಇಣುಕಿದೆ. ಡಿಸ್ಕಿನಿಂದ ಹೊರಟ ಬೂದು ಬಣ್ಣದ ಚಪ್ಪಟೆ ವೈರಿನ ಪಟ್ಟಿಯೊಂದು ಒಗೆದು ಬಿಸಾಡಿದ ಲಂಗದ ಲಾಡಿಯ ಹಾಗೆ ಅಡ್ಡಾದಿಡ್ಡಿ ಬಿದ್ದಿತ್ತು. ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಅದನ್ನು ಮೂರು ಮಡಿಕೆ ಮಾಡಿ, ಉಗುರಿನಿಂದ ತೀಡಿ, ಹೂ ಕಟ್ಟುವ ದಾರದಿಂದ ಬಿಗಿದೆ. ಗಿರೀಶ ಕೈ ತೊಳೆದು ಬಂದು, ನೋಡದೆಯೇ ಮುಚ್ಚಳ ಹಾಕಿದ. ನಾನೂ ಮರೆತೆ.

ಮೂರನೆಯ ದಿನ ತೊಂದರೆ ಶುರುವಾಯಿತು. ಟೈಪು ಮಾಡಿದ್ದನ್ನು ಉಳಿಸಲು ಹೋದರೆ, ಡಿಸ್ಕ್ ಸಿಗುತ್ತಿಲ್ಲ, ಕೈಬಿಡಲೋ, ಮತ್ತೆ ಯತ್ನಿಸಲೋ, ಫೇಲಾಗಲೋ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಫೇಲಿನ ವಿಷಯವನ್ನು ಅಷ್ಟು ವಿನಯವಾಗಿ ಯಾವ ಸಿಸ್ಟರೂ ನನ್ನ ಬಳಿ ಎತ್ತಿರಲಿಲ್ಲ. ಒಂದು ಹೊತ್ತು ಸರಿ, ಒಂದು ಹೊತ್ತು ಇಲ್ಲ. ಎರಡನೇ ಅಧ್ಯಾಯವೇ ಹೋಯಿತು. ಹುಳುವಿನ ಮೊಟ್ಟೆಗಳೆಲ್ಲ ಅದರಲ್ಲಿದ್ದವು.

"ನೀನು ಕೀಲಿ ಕುಟ್ಟೋದು ಜಾಸ್ತಿಯಾಯ್ತು ಕಣೇ," ಎಂದರು ಯಜಮಾನರು.

ಬಿಳಿಗೆರೆಯ ತೋಟದಿಂದ ಬಂದಿದ್ದ ಮಾವನವರು ಹಾಗೆಲ್ಲ ದುಡುಕುವವರಲ್ಲ. ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲವರು. ಪೆಟ್ಟಿಗೆಗೆ ಕಿವಿಯಿಟ್ಟು ಎರಡು ಸಲ ತಟ್ಟಿದರು. ಯಂತ್ರ ಓಡಿತು!

"ಒಳಗೇನೋ ಬುಟ್ಕೊಂಡೈತೆ ಕಣಮ್ಮ."

ಅಂದಿನಿಂದ ಪುಟ ಮುಗಿದಾಗಲೆಲ್ಲ ನಾನು "ಮಾವಾ" ಎಂದು ಕೂಗುವುದು, ಅವರು ಎಲೆಅಡಿಕೆ ಜಗಿಯುತ್ತಾ ಬಂದು ತಟ್ಟುವುದು. ಮೂರನೇ ಅಧ್ಯಾಯ ಹೀಗೆ ತಟ್ಟಿಸಿಕೊಂಡೇ ಮುಗಿಯಿತು.

ಗಿರೀಶ ಎರಡು ಸಲ ಬಂದ. ಮುಚ್ಚಳ ತೆಗೆದಿಟ್ಟು ನೋಡುವಾಗ ಯಂತ್ರ ಒಮ್ಮೆಯೂ ಕೆಡಲಿಲ್ಲ. ಆದರೂ ಉಳಿದಿದ್ದ ಅಧ್ಯಾಯಗಳನ್ನು ಫ್ಲಾಪಿಗೆ ಇಳಿಸಿಕೊಂಡು, ಡಿಸ್ಕ್ ಬದಲಾಯಿಸಿ, ಪಟ್ಟಿಯ ತುದಿಯನ್ನು ಹೊಸದಕ್ಕೆ ಸಿಕ್ಕಿಸಿ ಹೋಗುತ್ತಿದ್ದ. ಅವನು ಬಸ್ ಸ್ಟ್ಯಾಂಡು ತಲುಪುವ ಮೊದಲೇ ಇಲ್ಲಿ ಫೇಲಿನ ಪ್ರಶ್ನೆ. ಗಡುವಿಗೆ ನಾಲ್ಕು ದಿನವಿರುವಾಗ ಮೂರನೇ ಡಿಸ್ಕ್ ಹಿಡಿದು ಬಂದವನನ್ನು ಮಾವನವರು ತಡೆದರು.

"ಏನಪ್ಪಾ, ಎಲ್ಡು ಸಲಾನೂ ಕೊಬ್ಬರೀನೇ ಬದಲಾಯ್ಸಿದ್ದೀಯ. ಸುತ್ತ ಇರೋ ನಾರು ನೋಡಿದ್ಯಾ?"

ಗಿರೀಶ ನಕ್ಕ. ಆಮೇಲೆ ನೋಡಿದ. "ಅಯ್ಯೋ, ಯಾರ್ರೀ ಈ ಪಟ್ಟೀನ ಹಿಂಗೆ ಮಡಚಿರೋದು? ಮಡಿಕೇಲಿ ತಂತಿ ಮುರಿದೈತೆ. ಮುಚ್ಚಳ ಒತ್ತಿದ್ರೆ ಬುಡ್ತೈತೆ, ತೆಗೆದ್ರೆ ತಾಗ್ತೈತೆ."

ನನಗೆ ಆಗ ನೆನಪಾಯಿತು.

ಯಜಮಾನರು ಉರಿದುಬಿದ್ದರು. "ದಾರ ಬೇರೆ ಕಟ್ಟಿದ್ದಾರೆ! ನಿಮ್ಮ ಕಂಪನಿಯೋರು ಮೊಳ ಹಾಕಿ ಮಾರ್ತಾರೇನ್ರೀ?"

"ಪ್ಯಾಕಿಂಗ್‌ನೋರ ಕೆಲ್ಸ ಇರ್ಬೇಕು ಸಾರ್," ಎಂದ ಗಿರೀಶ ಸಪ್ಪಗೆ. ಮಾವನವರು ಮಾತ್ರ ದಾರದ ಗಂಟನ್ನು ನೋಡಿದರು, ನನ್ನ ಮುಡಿಯ ಮಲ್ಲಿಗೆಯನ್ನು ನೋಡಿದರು. "ಹೋಗವ್ವ, ಕಾಫಿ ತಗಂಬಾ," ಎಂದರು. ಹೋದೆ. ಗಿರೀಶನ ಲೋಟಕ್ಕೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿದೆ.

ಹೊಸ ಪಟ್ಟಿ ಬಂದ ಮೇಲೆ ಯಂತ್ರ ತಟ್ಟಿಸಿಕೊಳ್ಳದೆ ನಡೆಯಿತು. ಎರಡನೇ ಅಧ್ಯಾಯವನ್ನು ಮತ್ತೆ ಟೈಪು ಮಾಡಿದೆ. ಕೊನೆಯ ದಿನ ಉಳಿದದ್ದು ಕೃತಜ್ಞತೆಯ ಪುಟ. ಯಜಮಾನರು ಓಡಾಡುತ್ತಾ ಹೇಳಿ ಬರೆಸಿದರು: ಮಾರ್ಗದರ್ಶಕರಿಗೆ, ತಂದೆಯವರಿಗೆ. ಕಿಟಕಿಯ ಹತ್ತಿರ ಒಂದು ನಿಮಿಷ ನಿಂತು, "ಈ ಕೆಲಸಕ್ಕೆ ಎಂದೂ ಅಡ್ಡಿಯಾಗದ ನನ್ನ ಹೆಂಡತಿಗೆ," ಎಂದರು.

ಇಡೀ ಪ್ರಬಂಧದಲ್ಲಿ ಆಧಾರವಿಲ್ಲದ ವಾಕ್ಯ ಅದೊಂದೇ. ಸ್ಪೆಲ್ಲಿಂಗ್ ಎರಡು ಸಲ ನೋಡಿ ಉಳಿಸಿದೆ. ಡಿಸ್ಕ್ ತಕರಾರಿಲ್ಲದೆ ಒಪ್ಪಿಕೊಂಡಿತು.