ಷಷ್ಠೀ ವಿಭಕ್ತಿಯ ಅಳಿಯ

ವರನ ಕುಲ, ಗೋತ್ರ, ಜಾತಕಗಳನ್ನು ನೋಡಬೇಕೆಂದು ಹೇಳುವ ಶಾಸ್ತ್ರಗಳನ್ನು ನಾನು ಗುರುಮುಖದಿಂದ ಕೇಳಿದ್ದೇನೆ. ಅವನ ಇಂಗ್ಲಿಷಿನ ಷಷ್ಠೀ ವಿಭಕ್ತಿಯನ್ನೂ ನೋಡಬೇಕೆಂದು ವಿಧಿಸಿದ ಋಷಿ ಈ ಕಲಿಯುಗದಲ್ಲಿ ಒಬ್ಬರೇ: ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನ್ನ ಸೋದರಮಾವ!

ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ಮಾವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು. ಅವಳಿಗೆ ವರ ಹುಡುಕುವ ಹೊಣೆ ನನ್ನದು. ಬಸ್ಸಿನಲ್ಲಿ ಊರೂರು ಅಲೆದು, ಧೂಳು ಕುಡಿದು, ನಾನೊಬ್ಬನನ್ನು ಕರೆತರಬೇಕು. ಮಾವ ಒಂದೇ ಪ್ರಶ್ನೆಯಲ್ಲಿ ಅವನನ್ನು ಹಿಂದಕ್ಕೆ ಅಟ್ಟಬೇಕು. ಇದು ನನ್ನ ಪ್ರಾರಬ್ಧವಲ್ಲದೆ ಮತ್ತೇನು?

ಉಳಿದ ಮನೆಗಳಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯಿಂದ ದೇವರನಾಮ ಹಾಡಿಸುತ್ತಾರೆ. ಇಲ್ಲಿ ಪರೀಕ್ಷೆ ಹುಡುಗನಿಗೆ. ‘ನಾನು ಬಂದುದು ನಿಮಗೆ ಬೇಸರವೇ?’ ಎಂಬುದನ್ನು ಅವನು ಇಂಗ್ಲಿಷಿನಲ್ಲಿ ಹೇಳಬೇಕು. ‘ಕಮಿಂಗ್’ ಎನ್ನುವ ಮುನ್ನ ‘ನನ್ನ’ ಎಂಬರ್ಥದ, ಷಷ್ಠಿಯ ‘ಮೈ’ ಬಂದರೆ ಮಡಿ. ‘ನನ್ನನ್ನು’ ಎಂಬರ್ಥದ ‘ಮಿ’ ಬಂದರೆ ಮೈಲಿಗೆ. ಜಗತ್ತೆಲ್ಲ ‘ಮಿ’ ಎನ್ನುತ್ತದೆಯಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಜಗತ್ತೆಲ್ಲ ಏಕಾದಶಿಯ ದಿನ ಊಟವನ್ನೂ ಮಾಡುತ್ತದೆ ಎಂದರು.

ಸಿಂದಗಿಯ ವಕೀಲ ‘ಮಿ’ ಎಂದ. ಅಂದದ್ದು ಸಾಲದೆ, ಕಲೆಕ್ಟರ್ ಸಾಹೇಬರೇ ಹಾಗೆ ಮಾತಾಡುತ್ತಾರೆಂದು ವಾದಕ್ಕೂ ನಿಂತ. “ಸಾಹೇಬರಿಗೇನು ನಾವು ಹೆಣ್ಣು ಕೊಡೂದಿಲ್ಲಲ್ಲರಿ” ಎಂದು ಮಾವ ಎದ್ದೇಬಿಟ್ಟರು.

ಇಂಡಿ ಊರಿನವನಿಗೆ ನಾನು ಬಸ್ಸಿನಲ್ಲೇ ಪಾಠ ಹೇಳಿದೆ. ಗಾಯತ್ರಿಯಂತೆ ‘ಮೈ, ಮೈ’ ಎಂದು ಜಪಿಸುತ್ತ ಬಂದವನು ತಪ್ಪಿಲ್ಲದೆ ಒಪ್ಪಿಸಿದ. ನಾನು ಮನದಲ್ಲೇ ಶ್ರೀಹರಿಗೆ ಕೈಮುಗಿದೆ. ಮಾವ ಬಹಳ ಹೊತ್ತು ಅವನನ್ನೇ ದಿಟ್ಟಿಸಿ, ಇದು ಬಾಯಿಪಾಠ, ಬುದ್ಧಿಯಿಂದ ಬಂದುದಲ್ಲ ಎಂದು ತೀರ್ಪಿತ್ತರು. ಇನ್ನು ಗೆಲ್ಲುವವರು ಯಾರು, ನೀವೇ ಹೇಳಿ!

ಕೊನೆಗೆ ಬಸವನ ಬಾಗೇವಾಡಿಯ ಕಂಪೌಂಡರ್ ಬಂದ. ಹುಡುಗಿ ಬಾಗಿಲ ಸಂದಿಯಿಂದ ಅವನನ್ನು ನೋಡಿ, ಒಪ್ಪಿಗೆಯೆಂದು ನನಗೆ ಕಣ್ಣಿನಲ್ಲೇ ತಿಳಿಸಿದಳು. ಅವನೋ ‘ಮೈ’ಯೋ ‘ಮಿ’ಯೋ ಎಂಬ ಮಾವನ ಪ್ರಶ್ನೆ ಕೇಳಿಸಿಕೊಂಡು, ಸ್ವಲ್ಪ ಯೋಚಿಸಿ, “ಮಾಸ್ತರ್ರ, ನನಗ ಎರಡೂ ಒಂದ ಕೇಳಸ್ತಾವರಿ” ಎಂದ. ಮಾವ ಏಳಲು ನೆಲಕ್ಕೆ ಕೈಯೂರಿದರು. ಮರುಬಸ್ಸಿನ ವೇಳೆ ನೆನೆದು ನಾನು ನಿಟ್ಟುಸಿರಿಟ್ಟೆ.

ಆಗ ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು, ಯಾರೂ ಕರೆಯದೆ, ತಾನಾಗಿಯೇ ಹೊರಗೆ ಬಂದಳು.

“ಅಪ್ಪಾ, ಖರೇ ಹೇಳು. ಇವರು ಸರೀ ಹೇಳಿದ್ರ ನೀ ಹೂಂ ಅಂತಿದ್ದೇನು?”

ಮಾವ ಹೆಗಲ ಶಲ್ಯವನ್ನು ತೆಗೆದು ಮಡಿಸಿದರು, ಮತ್ತೆ ಬಿಚ್ಚಿದರು. ಆಮೇಲೆ ಅವಳ ಕೈಯ ತಟ್ಟೆಯನ್ನು ತಾವೇ ಇಸಿದುಕೊಂಡು ಹುಡುಗನ ಮುಂದೆ ಇಟ್ಟರು.

“ತಿನ್ನರಿ” ಎಂದರು. ಹುಡುಗನ ಮುಖ ನೋಡಲಾರದೆ ನನ್ನ ಕಡೆ ತಿರುಗಿದರು. “ಇಕಿ ಹೋದಮ್ಯಾಲ ಈ ಮನ್ಯಾಗ ನನ್ನ ಇಂಗ್ಲೀಷು ಕೇಳಾವರು ಯಾರದಾರೋ?”