ಬಾಳೆಕಾಯಿ ಸಿಪ್ಪೆಯ ಸಾರ ಕುಡಿದ ಇಲಿಗಳು

ಫಾರ್ಮಸಿ ಕಾಲೇಜಿನ ಮೇಷ್ಟರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಬಂದು ತಲೆ ಮೇಲೆ ಕೂರುತ್ತದೆ. ಬಾಳೆಕಾಯಿ ಸಿಪ್ಪೆಯ ಸಾರ ಹೊಟ್ಟೆಹುಣ್ಣಿಗೆ ಒಳ್ಳೆಯದಂತೆ. ಆದರೆ ಅದು ವಿಷವಲ್ಲ ಅಂತ ಮೊದಲು ಇಲಿಗಳ ಮೇಲೆ ತೋರಿಸಬೇಕು. ಆ ಕೆಲಸ ನನ್ನ ಕೊರಳಿಗೆ ಬಿತ್ತು.

ಬಜ್ಜಿ ಅಂಗಡಿ

ಗಂಗಾವತಿಯ ಬಜ್ಜಿ ಅಂಗಡಿಯ ಚಾಚಾನ ಹತ್ತಿರ ಸಿಪ್ಪೆ ಕೇಳಿದೆ.

"ಏನ್ ಮಾಡ್ತೀರಿ ಸರ?"

"ಔಷಧಿ."

ಮರುವಾರ ಹೋದರೆ ಒಂದು ಸಿಪ್ಪೆಯೂ ಇಲ್ಲ. ಔಷಧಿ ಅಂತ ಸುದ್ದಿ ಹಬ್ಬಿ, ಗಿರಾಕಿಗಳು ಸಿಪ್ಪೆ ಸಮೇತ ಬಜ್ಜಿ ಕೇಳತೊಡಗಿದ್ದರು. "ಇನ್ನೂ ಇಲಿಗೇ ಕೊಟ್ಟಿಲ್ಲ ಚಾಚಾ!" ಅಂದೆ.

"ಇಲಿ ತಡಾ ಮಾಡ್ತಾವ್ರಿ ಸರ. ನಮ್ ಮಂದಿ ಬಿಸಿ ಇದ್ದಾಗನ ತಿಂತಾರ."

ಅರಿಸಿನ

ಇಲಿಗಳಿಗೆ ಕಾಳು, ನೀರು ಹಾಕುವವರು ನಮ್ಮ ಆಯಮ್ಮ. "ಪಾಸಾದ್ರ ಬಿಡ್ತೀರಲ್ರೀ?" ಅಂತ ಕೇಳಿದರು.

"ಇಲ್ಲವ್ವಾ, ಪಾಸಾದ್ರೂ ಕೊಯ್ದು ಲಿವರ್ ನೋಡ್ಬೇಕು."

"ಪಾಸಾದವ್ರನ್ನ ಯಾರರ ಕೊಯ್ತಾರೇನ್ರಿ?"

ಯಾವ ಇಲಿ ಯಾವುದೆಂಬ ಗುರುತಿಗೆ ನಾನು ಒಂದರ ತಲೆಗೆ, ಇನ್ನೊಂದರ ಬೆನ್ನಿಗೆ, ಮತ್ತೊಂದರ ಬಾಲಕ್ಕೆ ಹಳದಿ ಬಣ್ಣ ಹಚ್ಚಿದ್ದೆ. ಆಯುಧ ಪೂಜೆಯ ದಿನ ಆಯಮ್ಮ ಎಲ್ಲಕ್ಕೂ ತಲೆಯಿಂದ ಬಾಲದವರೆಗೆ ಅರಿಸಿನ ಬಳಿದುಬಿಟ್ಟರು. ಮಂಗಳಾರತಿಗೆ ಬಂದ ಪ್ರಿನ್ಸಿಪಾಲರು ಹೌಹಾರಿದರು. "ಅಯ್ಯೋ, ಎಲ್ಲಾಕ್ಕೂ ಕಾಮಾಲಿ ಆಗೇತಿ! ಲಿವರ್ ಹೋತು!"

ಇಲಿಗಳನ್ನು ತೊಳೆಸಿದರು. ಅರಿಸಿನದ ಜೊತೆ ನನ್ನ ಗುರುತೂ ಹೋಯಿತು. ಎಲ್ಲ ಮತ್ತೆ ಮೊದಲಿನಿಂದ. ನಾನು ತಲೆ ಹಿಡಿದುಕೊಂಡು ಕೂತರೆ ಆಯಮ್ಮ ಅಂದರು: "ಛಲೋ ಆತು ಬಿಡ್ರಿ. ಇನ್ನಷ್ಟು ದಿನ ಇರ್ತಾವ."

ಚಪ್ಪಾಳೆ

ಕೊನೆಗೆ ಇಲಿಗಳೆಲ್ಲ ಪಾಸಾದವು. ಸಾರ ಕುಡಿದವನ್ನೂ, ಹೋಲಿಕೆಗೆಂದು ಬರೀ ನೀರು ಕುಡಿಸಿದವನ್ನೂ ನಾನೇ ಕೊಯ್ದೆ. ಲಿವರ್‌ನಲ್ಲಿ ಒಂದು ಕಲೆಯೂ ಇಲ್ಲ. ಅಷ್ಟು ಆರೋಗ್ಯವಂತ ಹೆಣಗಳನ್ನು ನಾನು ಕಂಡಿಲ್ಲ.

ಮರುದಿನ ಸಭೆ. ನನಗೆ ಶಾಲು, ಹಾರ. ಪ್ರಿನ್ಸಿಪಾಲರು ಮೈಕ್ ಹಿಡಿದು ಸಾರಿದರು: "ನಮ್ಮ ಸಿಪ್ಪಿ ಸಾರದಿಂದ ಒಂದ ಇಲಿಗೂ ಏನೂ ಆಗಿಲ್ರೀ!"

ಚಪ್ಪಾಳೆಯೋ ಚಪ್ಪಾಳೆ. ಚಹಾ ಹಂಚುತ್ತಿದ್ದ ಆಯಮ್ಮ ಹಿಂದಿನ ಸಾಲಿನಲ್ಲೇ ನಿಂತು ಕೇಳಿದರು: "ಸರ, ಹಂಗಾರ ಅವು ಎಲ್ಲಿ ಅದಾವ್ರೀ?"

ಪ್ರಿನ್ಸಿಪಾಲರು ತಡವರಿಸಲಿಲ್ಲ.

"ರಿಪೋರ್ಟಿನ್ಯಾಗ ಅದಾವವ್ವಾ. ಎಲ್ಲಾ ಆರಾಮ ಅದಾವ."